ಕಳೆದ ವಾರದ ಒಂದು ಗಂಟೆ

ಲಿಲಿಸ್ ರೊಹಾಯತಿಯ ಕಂದು ಲಕೋಟೆಯ ಮೂಲೆಗಳಿಗೆಲ್ಲ ಅಂಟುಪಟ್ಟಿ ಬಿದ್ದಿತ್ತು. ಒಳಗೆ ಅರ್ಜಿ, ತಾಂತ್ರಿಕ ಶಾಲೆಯ ಪ್ರಮಾಣಪತ್ರದ ಜೆರಾಕ್ಸ್, ಪೊಲೀಸ್ ಠಾಣೆಯ ಸನ್ನಡತೆ ಪತ್ರ, ಡಾಕ್ಟರ ಚೀಟಿ, ಕೆಲಸ ಹುಡುಕುವವರಿಗೆ ಸರ್ಕಾರ ಕೊಡುವ ಹಳದಿ ಕಾರ್ಡು, ಕೆಂಪು ಹಿನ್ನೆಲೆಯ ನಾಲ್ಕು ಫೋಟೋ. ಬೆಸ ಸಂಖ್ಯೆಯ ವರ್ಷದಲ್ಲಿ ಹುಟ್ಟಿದವರಿಗೆ ಕೆಂಪು, ಸಮ ಸಂಖ್ಯೆಯವರಿಗೆ ನೀಲಿ. ಯಾರು ಮಾಡಿದ ನಿಯಮವೋ, ಯಾಕೆ ಮಾಡಿದರೋ, ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಆದರೆ ಬಣ್ಣ ತಪ್ಪಿತೋ, ಲಕೋಟೆ ವಾಪಸ್ಸು. ಕೆಲಸ ಕೊಡಲು ಬಾರದವರಿಗೆ ಫೋಟೋದ ಬಣ್ಣ ಮಾತ್ರ ಚೆನ್ನಾಗಿ ಕಾಣುತ್ತದೆ.

ಅವಳ ಸೀಮೆ ಕಾರವಾಂಗ್‌ನಲ್ಲಿ ಗದ್ದೆಯ ಬದು ಮುಗಿದಲ್ಲಿ ಕಾರ್ಖಾನೆಯ ಕಾಂಪೌಂಡು ಶುರುವಾಗುತ್ತದೆ. ಲಿಲಿಸ್ ಹದಿನೆಂಟಕ್ಕೇ ಅಂಥ ಒಂದು ಕಾಂಪೌಂಡಿನೊಳಗೆ ಹೋಗಿ ಕಾರುಗಳ ತಂತಿಗೊಂಚಲು ಕಟ್ಟುತ್ತಿದ್ದಳು. ವರ್ಷ ವರ್ಷದ ಕರಾರು. ದಾದಾನ್‌ನನ್ನು ಮದುವೆಯಾದಳು, ಕರಾರು ಮುಂದುವರಿಯಿತು. ಹೊಟ್ಟೆ ಕಾಣಿಸಿಕೊಂಡಿತು, ಕರಾರು ಮುಂದುವರಿಯಲಿಲ್ಲ. ಯಾರೂ ತೆಗೆದುಹಾಕಲಿಲ್ಲ, ಗದರಲಿಲ್ಲ. "ಮುಗೀತಲ್ಲಾ ಅವಧಿ" ಎಂದರು, ಅಷ್ಟೇ. ಈಗ ಮಗಳು ಝಲ್ಫಾಗೆ ಹನ್ನೊಂದು ತಿಂಗಳು. ಕೆಮ್ಮಿದರೆ ತಾಯಿಯ ಎದೆ ಒಡೆಯುತ್ತದೆ, ಕೆಮ್ಮದಿದ್ದರೆ ಉಸಿರಾಡುತ್ತಿದೆಯೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಾಳೆ.

ಆ ಆಗಸ್ಟಿನಲ್ಲಿ ಅವಳಿಗೆ ದಿನಗಳದ್ದೇ ಚಿಂತೆ. ಇಪ್ಪತ್ತೊಂಬತ್ತನೇ ತಾರೀಖಿಗೆ ಇಪ್ಪತ್ತೈದು ತುಂಬುತ್ತಿತ್ತು. ಕಾಲುವೆಯಾಚೆ ಹೊಸದಾಗಿ ಎದ್ದಿದ್ದ ಕಾರ್ಖಾನೆ ಊರಿನವರಿಗೆಂದು ಕೆಲವು ಜಾಗ ಮೀಸಲಿಟ್ಟು ಗ್ರಾಮ ಕಚೇರಿಯ ಬಾಗಿಲಿಗೆ ಚೀಟಿ ಅಂಟಿಸಿತ್ತು: ಈ ಗ್ರಾಮದ, ಕೆಲಸವಿಲ್ಲದ ಯುವಜನರಿಗೆ ಮಾತ್ರ. ಇಪ್ಪತ್ತೈದು ತುಂಬಿರಬಾರದು. ಅರ್ಜಿ ತೆಗೆದುಕೊಳ್ಳುವುದು ಇಪ್ಪತ್ತು ಮತ್ತು ಇಪ್ಪತ್ತೊಂದರಂದು. ಮದುವೆಯಾದವರು ಬೇಡ ಎಂದು, ಮೊದಲ ಸಲ, ಎಲ್ಲೂ ಬರೆದಿರಲಿಲ್ಲ. ಲಿಲಿಸ್ ಆ ಚೀಟಿಯನ್ನು ಮೂರು ಸಲ ಓದಿದಳು. ಹುಟ್ಟುಹಬ್ಬಕ್ಕೆ ಒಂಬತ್ತು ದಿನ ಮೊದಲು ಒಂದು ಬಾಗಿಲು ತೆರೆದಿದೆ. ಅದಾದ ಮೇಲೆ ಯಾವ ಕಾರ್ಖಾನೆಯ ಕಾಗದದಲ್ಲೂ ಅವಳ ವಯಸ್ಸಿನ ಹೆಣ್ಣು ಇರುವುದಿಲ್ಲ. ಇಪ್ಪತ್ತೈದಕ್ಕೆ ಮುದುಕಿ! ಅಳತೆ ತಪ್ಪಿದ ತಂತಿಯನ್ನು ಎಸೆಯುವ ಬುಟ್ಟಿ ಹಳೇ ಕಾರ್ಖಾನೆಯಲ್ಲಿ ಹೇಗಿತ್ತೋ, ಮನುಷ್ಯರಿಗೂ ಹಾಗೇ ಒಂದು ಬುಟ್ಟಿ.

ಅಲ್ಲಿಯವರೆಗೆ ಕೈಗೆ ಒಂದು ತಿಂಗಳ ಕೆಲಸ ಸಿಕ್ಕಿತ್ತು. ಅದೇ ಒಂದು ತಮಾಷೆ. ಎಷ್ಟು ಜನರಿಗೆ ಕೆಲಸವಿಲ್ಲ ಎಂದು ಎಣಿಸಿ ಬರುವ ಕೆಲಸ.

ಎರಡು ದಿನ ತರಬೇತಿ ಕೊಟ್ಟರು. ಹೇಳಿಕೊಟ್ಟವರು ರೆತ್ನೊ; ಎಲ್ಲರೂ ಮರ್ಯಾದೆಗೆ 'ಬು', ಅಂದರೆ ಅಮ್ಮ, ಸೇರಿಸಿ ಬು ರೆತ್ನೊ ಎನ್ನುತ್ತಿದ್ದರು. ನಡುವಯಸ್ಸಿನ ಹೆಂಗಸು. ಸಮೀಕ್ಷೆಯ ಮೇಲ್ವಿಚಾರಕಿ. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಅದನ್ನೇ ಹುಡುಕುವ ಜಾತಿ. ಫಾರಂನಲ್ಲಿ ನೂರಾರು ಪ್ರಶ್ನೆ ಇದ್ದರೂ ಬೆನ್ನೆಲುಬು ಒಂದೇ: ಕಳೆದ ವಾರ ನೀವು ಸಂಪಾದನೆಗೆಂದೋ, ಸಂಪಾದನೆಗೆ ನೆರವಾಗಲೆಂದೋ, ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?

"ಒಂದು ಗಂಟೆ ಅಂದ್ರೆ ಒಂದೇ ಗಂಟೆನಾ, ಬು?" ಹಿಂದಿನ ಸಾಲಿನಿಂದ ಯಾರೋ ಕೇಳಿದರು.

"ಅರವತ್ತು ನಿಮಿಷ. ಬೇಕಾದ್ರೆ ಗೋಡೆ ಗಡಿಯಾರ ಹೊತ್ಕೊಂಡು ಹೋಗಿ."

ಎಲ್ಲರೂ ನಕ್ಕರು. ಲಿಲಿಸ್ ಕೂಡ ನಕ್ಕಳು. ಆಮೇಲೆ ನಗು ಬರಲಿಲ್ಲ.

ಅವಳ ಪಾಲಿಗೆ ಬಂದದ್ದು ಹತ್ತು ಮನೆ. ಸ್ವಾತಂತ್ರ್ಯ ದಿನಕ್ಕೆ ಓಣಿಯುದ್ದಕ್ಕೂ ಕೆಂಪು ಬಿಳಿ ಕಾಗದದ ಬಾವುಟ ಕಟ್ಟಿದ್ದರು. ಅದರಡಿಯಲ್ಲಿ ಝಲ್ಫಾಳನ್ನು ಸೊಂಟದ ಜೋಳಿಗೆಯಲ್ಲಿ ಹಾಕಿಕೊಂಡು ಅವಳು ಮನೆಯಿಂದ ಮನೆಗೆ ಹೋದಳು. ಅತ್ತೆಯ ಹತ್ತಿರ ಬಿಡಬಹುದಿತ್ತು. ಆದರೆ ಅತ್ತೆ ಮಗುವಿಗೆ ಜ್ವರ ಬಂದರೆ ಮೊದಲು ಎಣ್ಣೆ ಹಚ್ಚಿ, ಆಮೇಲೆ ಮಂತ್ರಿಸಿ, ಕೊನೆಗೆ ಫೋನ್ ಮಾಡುವವರು. ಆ ಧೈರ್ಯ ಲಿಲಿಸ್‌ಗೆ ಇರಲಿಲ್ಲ.

ಎರಡನೇ ಮನೆಯಲ್ಲಿ ವೆಲ್ಡಿಂಗ್ ಕಲಿತ ಹುಡುಗ. ಅಂಗಡಿಯ ಮುಂದೆ ಸೀಟಿ ಊದಿ ಗಾಡಿ ನಿಲ್ಲಿಸುತ್ತಾನೆ, ವಾರಕ್ಕೆ ಎರಡು ಸಂಜೆ.

"ಕೆಲಸ ಇದೆ ಅಂತ ಬರೀತೀರಾ, ಅಕ್ಕಾ?"

"ಒಂದು ಗಂಟೆ ಮೀರಿತಲ್ಲ, ಬರೀಲೇಬೇಕು."

"ಅಯ್ಯೋ ಬರೀರಿ ಬರೀರಿ. ನಮ್ಮ ಅಮ್ಮಂಗೆ ಒಂದು ಕಾಪಿ ಕೊಡಿ. ನಂಗೆ ಕೆಲಸ ಇಲ್ಲ ಅಂತ ದಿನಾ ಬೆಳಿಗ್ಗೆ ಬೈತಾಳೆ."

ಐದನೇ ಮನೆಯಲ್ಲಿ ಅವಳದೇ ತರಗತಿಯ ಈನಾ ಇದ್ದಳು. ಕಾರ್ಖಾನೆ ಬಿಟ್ಟ ಮೇಲೆ ಎರಡು ಮಕ್ಕಳು. ಕಳೆದ ವಾರ ಕೆಲಸ ಮಾಡಿಲ್ಲ. ಹುಡುಕಿದಳೇ? ಇಲ್ಲ.

"ಯಾಕೆ ಹುಡುಕಲಿಲ್ಲ?"

"ಇವನ್ನ ಯಾರ ತಲೆ ಮೇಲೆ ಕೂರಿಸಿ ಹೋಗ್ಲಿ? ನಿನ್ನ ತಲೆ ಮೇಲಾ?"

"ಕೆಲಸ ಬೇಡ್ವಾ ಹಾಗಾದ್ರೆ?"

"ಬೇಕು ಕಣೇ. ಬೇಕು ಅನ್ನೋದಕ್ಕೆ ಒಂದು ಖಾನೆ ಇದ್ಯಾ ನಿನ್ನ ಕಾಗದದಲ್ಲಿ?"

ಈನಾ ಮನೆವಾರ್ತೆ ನೋಡುವವಳ ಖಾನೆಗೆ ಹೋದಳು. ಆ ಖಾನೆಯವರು ಕೆಲಸವಿರುವವರೂ ಅಲ್ಲ, ಇಲ್ಲದವರೂ ಅಲ್ಲ. ಲೆಕ್ಕದ ಹೊರಗೆ. ಹತ್ತರಲ್ಲಿ ಒಂಬತ್ತು ಮನೆ ಮುಗಿಯುವ ಹೊತ್ತಿಗೆ ಲಿಲಿಸ್‌ಗೆ ಸಿಕ್ಕ ನಿರುದ್ಯೋಗಿ ಒಬ್ಬನೇ ಒಬ್ಬ, ಈಗಷ್ಟೇ ಶಾಲೆ ಮುಗಿಸಿದವನು. ಅವನೂ ಅದನ್ನು ಹೇಳುವಾಗ ನೆಲ ನೋಡಿದ. ಇಡೀ ಓಣಿಯ ಅವಮಾನವೆಲ್ಲ ಅವನೊಬ್ಬನ ಪಾಲಿಗೆ ಬಂದಂತೆ.

ಮನೆಯ ಜಗಲಿಯಲ್ಲಿ ಅತ್ತೆ ಮಾಕ್ ಇಚಾ ಮತ್ತು ನಾದಿನಿ ವುಲಾನ್ ಸಣ್ಣ ಈರುಳ್ಳಿಯ ಮೂಟೆ ಬಿಚ್ಚಿ ಕೂತಿದ್ದರು. ಸಂತೆಯ ವ್ಯಾಪಾರಿ ಮೂಟೆ ಇಳಿಸಿ ಹೋಗುತ್ತಾನೆ, ಸುಲಿದು ಕೊಟ್ಟರೆ ತೂಕದ ಮೇಲೆ ಚಿಲ್ಲರೆ. ವುಲಾನ್‌ಗೆ ಇಪ್ಪತ್ತೊಂದು. ಕಂಪ್ಯೂಟರ್ ವಿಭಾಗದಲ್ಲಿ ಶಾಲೆಗೇ ಮೊದಲಿಗಳು. ಈಗ ಬೆರಳೆಲ್ಲ ಈರುಳ್ಳಿಯ ಕಪ್ಪು.

"ನಮ್ಮನೇಲಿ ಎಷ್ಟು ಜನ ನಿರುದ್ಯೋಗಿಗಳು, ಅಕ್ಕಾ? ಸರ್ಕಾರಕ್ಕೆ ಹೇಳಿಬಿಡು" ಎಂದಳು ವುಲಾನ್.

"ಒಬ್ಬರೂ ಇಲ್ಲ. ನೀನು ಈರುಳ್ಳಿ ಸುಲೀತೀಯ. ಅಣ್ಣ ಬೈಕಲ್ಲಿ ಜನ ಸಾಗಿಸ್ತಾನೆ. ಅಮ್ಮ ಈರುಳ್ಳಿ. ನಾನು ಎಣಿಸ್ತೀನಿ."

"ಝಲ್ಫಾ?"

"ಹದಿನೈದು ತುಂಬಿದ ಮೇಲೆ ಕೇಳ್ತಾರೆ."

"ಅದುವರೆಗೂ ಬಿಟ್ಟಿ ಊಟ, ಅದೃಷ್ಟವಂತೆ" ಎಂದು ಮಾಕ್ ಇಚಾ ಮೊಮ್ಮಗಳ ಕೆನ್ನೆ ಹಿಂಡಲು ಈರುಳ್ಳಿಯ ಕೈ ಚಾಚಿದರು. ಲಿಲಿಸ್ ಮಗುವನ್ನು ಆಚೆಗೆ ತಿರುಗಿಸಿಕೊಂಡಳು. ಕಣ್ಣಿಗೆ ತಾಗಿದರೆ?

ಇಪ್ಪತ್ತನೇ ತಾರೀಖು ಬೆಳಿಗ್ಗೆ ಆರಕ್ಕೇ ಅತ್ತಿಗೆ ನಾದಿನಿ ಇಬ್ಬರೂ ಗ್ರಾಮ ಕಚೇರಿಯ ಸಾಲಿನಲ್ಲಿ ನಿಂತಿದ್ದರು. ಝಲ್ಫಾಗೆ ರಾತ್ರಿಯಿಂದ ಸ್ವಲ್ಪ ಮೈ ಬಿಸಿ. ಲಿಲಿಸ್ ಹತ್ತು ನಿಮಿಷಕ್ಕೊಮ್ಮೆ ಗಂಡನಿಗೆ ಸಂದೇಶ ಕಳಿಸುತ್ತಿದ್ದಳು. "ಈಗ ಹೇಗಿದೆ?" "ಬಿಸ್ಕತ್ತು ತಿಂತಿದೆ." "ಎಷ್ಟು ಬಿಸಿ?" "ಬಿಸ್ಕತ್ತು ಬಿಸಿ ಇಲ್ಲ." ದಾದಾನ್‌ಗೆ ಇಂಥ ಹೊತ್ತಿನಲ್ಲೂ ಹಾಸ್ಯ ಹೊಳೆಯುತ್ತದೆ.

ಒಳಗೆ ಮೇಜಿನ ಹಿಂದೆ ಹೆಂದಿ ಎಂಬ ಹೆಸರಿನ ಕಚೇರಿ ಗುಮಾಸ್ತ ಕೂತಿದ್ದ. ಮೂವತ್ತರ ಆಸುಪಾಸು, ಎದೆಯ ಜೇಬಿನಲ್ಲಿ ಮೂರು ಪೆನ್ನು. ಅವನ ಮುಂದೆ ಎರಡು ರಾಶಿ: ಬಲಕ್ಕೆ ಕಾರ್ಖಾನೆಗೆ ಹೋಗುವವು, ಎಡಕ್ಕೆ ಹೋಗದವು. ಲಕೋಟೆ ಕೊಡುವ ಮೊದಲು ಒಂದು ಹಾಳೆ ತುಂಬಬೇಕು. ಅದರ ಏಳನೇ ಸಾಲು: ಸದ್ಯ ಯಾವುದಾದರೂ ಕೆಲಸ ಮಾಡುತ್ತಿದ್ದೀರಾ?

ವುಲಾನ್ ಮುಲಾಜಿಲ್ಲದೆ 'ಇಲ್ಲ' ಎಂದು ಬರೆದಳು. ಪಕ್ಕಕ್ಕೆ ಬಗ್ಗಿ ನೋಡಿದರೆ ಲಿಲಿಸ್‌ಳ ಪೆನ್ನು 'ಹೌದು' ಎಂದು ಬರೆಯುತ್ತಿತ್ತು.

"ಅಕ್ಕಾ, ಏನ್ ಮಾಡ್ತಿದೀಯಾ? ಹೊಡೆದಾಕು ಅದನ್ನ."

"ಸುಳ್ಳು ಬರೀಲಾ?"

"ಬರೀಬೇಡ, ಖಾಲಿ ಬಿಡು!"

ಲಿಲಿಸ್ ಖಾಲಿ ಬಿಡಲಿಲ್ಲ. ಇಪ್ಪತ್ತು ದಿನದಿಂದ ಮನೆ ಮನೆಯ ಹೊಸ್ತಿಲಲ್ಲಿ ಕೂತು, ಒಂದು ಗಂಟೆಯಾದರೂ ಮುಚ್ಚಿಡಬೇಡಿ, ನಿಜ ಹೇಳಿ, ಇದರಿಂದ ಯಾರಿಗೂ ತೊಂದರೆಯಿಲ್ಲ ಎಂದು ಹೇಳಿ ಹೇಳಿ ಅವಳ ನಾಲಗೆ ಅದಕ್ಕೇ ಒಗ್ಗಿಹೋಗಿತ್ತು. 'ಹೌದು. ಸಮೀಕ್ಷೆ. ಈ ತಿಂಗಳ ಕೊನೆವರೆಗೆ' ಎಂದು ಅಂದವಾಗಿ ಬರೆದು ಕೊಟ್ಟಳು. ಸ್ವಲ್ಪ ಹೆಮ್ಮೆಯೂ ಇತ್ತೆಂದರೆ ಸುಳ್ಳಲ್ಲ.

ಹೆಂದಿ ಓದಿ ಲಕೋಟೆಯನ್ನು ಎಡಕ್ಕೆ ಇಟ್ಟ.

"ಯಾಕೆ, ಪಾಕ್?" ಲಿಲಿಸ್ 'ಯಜಮಾನರೇ' ಎನ್ನುವ ಮರ್ಯಾದೆಯಲ್ಲೇ ಕೇಳಿದಳು.

"ಕೆಲಸ ಇದೆಯಲ್ಲ ನಿಮಗೆ. ಇದು ಇಲ್ಲದವರಿಗೆ."

"ಇನ್ನು ಹನ್ನೊಂದು ದಿನ ಅಷ್ಟೇ ಇರೋದು."

"ಹನ್ನೊಂದು ದಿನ ಆದ್ಮೇಲೆ ಬನ್ನಿ."

"ಅಷ್ಟೊತ್ತಿಗೆ ಇಪ್ಪತ್ತೈದು ತುಂಬಿರುತ್ತೆ!"

"ಅದು ನನ್ನ ತಪ್ಪಾ, ಅಕ್ಕಾ? ಹುಟ್ಟಿದ್ದು ನೀವು." ಅವಳ ಹಿಂದೆ ಸಾಲಿನಲ್ಲಿ ನಿಂತಿದ್ದವರು ನಕ್ಕರು. ಹೆಂದಿಗೆ ಹುರುಪು ಬಂತು. "ಅಲ್ಲ, ನೀವೇ ಎಣಿಸೋಕೆ ಹೋಗೋರು, ನಿಮಗೆ ನಿಯಮ ಹೇಳಿಕೊಡಬೇಕಾ? ಒಂದು ಗಂಟೆ ಮಾಡಿದ್ರೂ ಕೆಲಸದಲ್ಲಿದ್ದಾರೆ ಅಂತ. ನಮ್ಮನೆಗೆ ಎಣಿಸೋಕೆ ಬಂದಾಗ ನಮ್ಮಮ್ಮನ ಹತ್ರ ನೀವೇ ಹೇಳಿದ್ರಂತೆ. ಮುಂದಿನವರು ಬನ್ನಿ."

ಮನೆಗೆ ಬಂದ ಲಿಲಿಸ್ ಮಗುವಿನ ಹಣೆ ಮುಟ್ಟಿ ನೋಡಿದಳು. ಜ್ವರ ಬಿಟ್ಟಿತ್ತು. ಅದೊಂದು ಸಮಾಧಾನಕ್ಕೆ ತಡೆದಿಟ್ಟ ಅಳುವೆಲ್ಲ ಒಟ್ಟಿಗೆ ಬಂತು. ಮಾಕ್ ಇಚಾ ಈರುಳ್ಳಿ ಬಿಟ್ಟು ಎದ್ದು ಬಂದು, "ಅಳಬೇಡ ನೆಂಗ್, ಅಳಬೇಡ ಮಗಳೇ. ಅಳೋದಿದ್ರೆ ಮೂಟೆ ಪಕ್ಕ ಕೂತು ಅಳು, ಎರಡು ಕಿಲೋ ಸುಲಿದಂಗಾಗತ್ತೆ" ಎಂದರು. ಸೊಸೆ ಅಳುತ್ತಲೇ ನಕ್ಕಳು. ನಗುತ್ತಲೇ ಸಿಟ್ಟು ಬಂತು. ಆ ಸಿಟ್ಟು ಆಮೇಲೆ ಇಳಿಯಲೇ ಇಲ್ಲ.

ಅದೇ ಮಧ್ಯಾಹ್ನ ಬು ರೆತ್ನೊ ಬಂದರು. ಹತ್ತು ಮನೆಗಳಲ್ಲಿ ಲಿಲಿಸ್‌ಳ ಮನೆಯೂ ಒಂದು, ಎಣಿಸುವವಳು ತನ್ನನ್ನೇ ಎಣಿಸಿಕೊಳ್ಳುವುದು ಸರಿಯಲ್ಲವೆಂದು ಅವರೇ ಬರುವುದು ಮೊದಲೇ ನಿಶ್ಚಯವಾಗಿತ್ತು. ಚಾಪೆಯ ಮೇಲೆ ಕೂತು, ಬಿಸಿ ಚಹಾ, ತರಕಾರಿ ಬೊಂಡ ಮುಂದಿಟ್ಟುಕೊಂಡು ಕೇಳಿದರು:

"ಕಳೆದ ವಾರ ಸಂಪಾದನೆಗೆಂದು ಒಂದು ಗಂಟೆಯಾದರೂ ಕೆಲಸ ಮಾಡಿದ್ದೀರಾ?"

"ಮಾಡಿಲ್ಲ ಅಂತ ಬರ್ಕೊಳ್ಳಿ."

"ಲಿಲಿಸ್."

"ನಂಗೆ ಕೆಲಸ ಇಲ್ಲ, ಬು. ಇಲ್ಲ ಅಂದ್ರೆ ಇಲ್ಲ. ಕೆಲಸ ಇಲ್ಲದೋರನ್ನ ಎಣಿಸೋದನ್ನೇ ಕೆಲಸ ಅಂತ ಕೊಟ್ಟು, ಅದಕ್ಕೇ ನನ್ನನ್ನ ಸಾಲಿಂದ ಆಚೆ ಹಾಕಿಸಿದ್ರಲ್ಲ! ಇದ್ಯಾವ ನ್ಯಾಯ? ವಾರಕ್ಕೊಂದು ಗಂಟೆ ಗಂಜಿ ಕುಡಿದ್ರೆ ಹೊಟ್ಟೆ ತುಂಬಿದೆ ಅಂತ ಬರೀತೀರಾ?"

ಬೆಳಗಿನ ಕತೆಯೆಲ್ಲ ಹೊರಬಿತ್ತು. ಬು ರೆತ್ನೊ ಬೊಂಡವನ್ನು ತಟ್ಟೆಯಲ್ಲಿಟ್ಟರು.

"ನಿಯಮ ನಾನು ಮಾಡಿದ್ದಲ್ಲ. ಎಲ್ಲಾ ದೇಶದವರೂ ಒಂದೇ ಥರ ಎಣಿಸಲಿ ಅಂತ ಇಟ್ಟಿರೋ ಗೆರೆ ಅದು" ಎಂದು ಶುರುಮಾಡಿ, ಜಗಲಿಯಿಂದ ಒಂದು ಹಿಡಿ ಈರುಳ್ಳಿ ತಂದು ಚಾಪೆಯ ಮೇಲೆ ಹರಡಿದರು. ಸುಲಿದವು ಒಂದು ಗುಡ್ಡೆ, ಸಿಪ್ಪೆಯವು ಒಂದು ಗುಡ್ಡೆ, ಸ್ವಲ್ಪ ದೂರಕ್ಕೆ ಮೂರನೆಯದು. "ಇವು ಕೆಲಸ ಮಾಡೋರು. ಇವು ಹುಡುಕ್ತಾ ಇರೋರು. ಆ ದೂರದ್ದು ನಿನ್ನ ಗೆಳತಿ ಈನಾ, ಶಾಲೆ ಮಕ್ಕಳು, ಮುದುಕರು. ನಿರುದ್ಯೋಗ ದರ ಅಂದ್ರೆ ಊರಿನ ನೂರು ಜನಕ್ಕೆ ಎಷ್ಟು ಅಂತ ಅಲ್ಲ. ದೂರದ ಗುಡ್ಡೆ ಬಿಟ್ಟು, ಈ ಎರಡು ಗುಡ್ಡೆ ಸೇರಿಸಿ ನೂರು ಅಂದ್ರೆ, ಅದರಲ್ಲಿ ಸಿಪ್ಪೆಯವು ಎಷ್ಟು ಅಂತ. ಹತಾಶರಾದವರು, ಚಿಲ್ಲರೆ ಕೆಲಸಕ್ಕೆ ಬಿದ್ದೋರು ಇದರೊಳಗೆ ಎಲ್ಲೆಲ್ಲಿ ಅಡಗಿದ್ದಾರೋ ಆ ಒಂದು ಸಂಖ್ಯೆ ಹೇಳಲ್ಲ. ದರ ಕಮ್ಮಿ ಆಯ್ತು ಅಂದ್ರೆ ಕೆಲಸ ಸಿಕ್ಕಿರಬಹುದು. ಸಿಗದೆ ಈರುಳ್ಳಿಗೆ ಕೂತಿರಲೂಬಹುದು."

"ಮತ್ತೆ ಯಾಕೆ ಅದೊಂದನ್ನೇ ಟಿವಿಲಿ ಕೂಗ್ತಾರೆ?" ವುಲಾನ್ ಬಾಗಿಲಿಂದ ಕೇಳಿದಳು.

"ಒಂದೇ ಸಂಖ್ಯೆ ಅಂದ್ರೆ ಬಾಯಿಗೆ ಸುಲಭ." ಬು ರೆತ್ನೊ ಫಾರಂ ತಿರುವಿದರು. "ಆದ್ರೆ ಪ್ರಶ್ನೆ ಅಲ್ಲಿಗೇ ನಿಲ್ಲಲ್ಲ ಲಿಲಿಸ್. ಇದು ನೋಡು. ವಾರಕ್ಕೆ ಎಷ್ಟು ಗಂಟೆ? ಇನ್ನೂ ಹೆಚ್ಚು ಕೆಲಸ ಕೊಟ್ರೆ ಮಾಡ್ತೀರಾ? ಬೇರೆ ಕೆಲಸ ಹುಡುಕ್ತಿದೀರಾ? ಕೆಲಸ ಇದೆ ಅಂದೋರಿಗೂ ಕೇಳೋ ಪ್ರಶ್ನೆ ಇವು. ಕೆಲಸ ಇದ್ದೂ ಹುಡುಕ್ತಾರೆ ಅಂತ ಗೊತ್ತಿದ್ದೇ ಇಟ್ಟಿರೋದು. ಆ ನಿನ್ನ ಹೆಂದಿ ಮೊದಲ ಪ್ರಶ್ನೆ ಓದಿ ಎದ್ದು ಹೋಗಿದ್ದಾನೆ."

ಲಿಲಿಸ್ ಬಗ್ಗಿ ಆ ಪುಟ ನೋಡಿದಳು. ಎದ್ದು ಹೋದವನು ಹೆಂದಿ ಒಬ್ಬನೇ ಅಲ್ಲ. ಝಲ್ಫಾ ರಚ್ಚೆ ಹಿಡಿದ ದಿನಗಳಲ್ಲಿ, ಮನೆಯವರು ಆಕಳಿಸಿದಾಗ, ಆ ಕೊನೆಯ ಪುಟಗಳಿಗೆ ತಾನೂ ಕೇಳದೆಯೇ 'ಇಲ್ಲ, ಇಲ್ಲ' ಎಂದು ಎಳೆದುಬಿಟ್ಟಿದ್ದಳು. ಸೀಟಿ ಊದುವ ಹುಡುಗನಿಗೆ ಹೆಚ್ಚು ಕೆಲಸ ಬೇಡ. ಪಕ್ಕದ ಮನೆಯ ಇಬ್ಬರಿಗೂ ಬೇಡ. ಅವಳ ಕೈಬರಹದಲ್ಲೇ ಓಣಿಯೆಲ್ಲ ಸಂತೃಪ್ತವಾಗಿತ್ತು.

"ಬು, ಎರಡು, ಮೂರು, ಏಳನೇ ಮನೆ ಫಾರಂ ವಾಪಸ್ ಕೊಡಿ. ಸರಿಯಾಗಿ ಕೇಳಿಲ್ಲ ನಾನು."

ಬು ರೆತ್ನೊ ಚೀಲದಿಂದ ಮೂರು ಕಾಗದದ ಕಟ್ಟು ತೆಗೆದು ಕೊಟ್ಟರು. "ನಾಡಿದ್ದು ಬೆಳಿಗ್ಗೆಯೊಳಗೆ" ಎಂದರು. ಆಮೇಲೆ, "ಕಳೆದ ವಾರ ಒಂದು ಗಂಟೆ?"

"ಮಾಡಿದೀನಿ. ಈಗ ಮುಂದಿನದನ್ನ ಕೇಳಿ. ಒಂದೂ ಬಿಡಬೇಡಿ."

ಮರುದಿನ ಬೆಳಿಗ್ಗೆ ಲಿಲಿಸ್ ಮತ್ತೆ ಗ್ರಾಮ ಕಚೇರಿಗೆ ಹೋದಳು, ಈ ಸಲ ಝಲ್ಫಾ ಸೊಂಟದಲ್ಲೇ. ಕೈಯಲ್ಲಿ ತರಬೇತಿಯಲ್ಲಿ ಕೊಟ್ಟಿದ್ದ ಖಾಲಿ ಫಾರಂ. ಸಾಲು ಬಾಗಿಲಿನಾಚೆ ಕಾಲುವೆಯ ಸೇತುವೆವರೆಗೂ ಇತ್ತು.

"ಮತ್ತೆ ಬಂದ್ರಾ?" ಎಂದ ಹೆಂದಿ. "ಮಗೂನೂ ಸೇರಿಸ್ಬೇಕಾ ಕೆಲಸಕ್ಕೆ?"

"ನನ್ನ ಲಕೋಟೆ ಎಡಗಡೆ ಯಾಕಿದೆ ಅಂತ ಬರೆದು ಮೊಹರು ಹಾಕಿಕೊಡಿ, ಪಾಕ್."

"ಅದೆಲ್ಲ ಬರೆದುಕೊಡಕ್ಕಾಗಲ್ಲ."

"ಜೇಬಲ್ಲಿ ಮೂರು ಪೆನ್ನಿದೆ."

ಯಾರೋ ಕಿಸಕ್ಕೆಂದರು. ಹೆಂದಿಯ ಕಿವಿ ಕೆಂಪಾಯಿತು. "ನಿಯಮ ಅಂದ್ರೆ ನಿಯಮ. ಒಂದು ಗಂಟೆ ಮಾಡಿದವರು..."

ಲಿಲಿಸ್ ಅವನ ಮಾತು ಮುಗಿಯಲು ಬಿಡಲಿಲ್ಲ. ಸಾಲಿನ ಕಡೆ ತಿರುಗಿ, ಇಪ್ಪತ್ತು ದಿನದಿಂದ ಪಳಗಿದ ಆ ಸ್ಪಷ್ಟ ಧ್ವನಿಯಲ್ಲಿ ಕೇಳಿದಳು: "ಕಳೆದ ವಾರ ಸಂಪಾದನೆಗೆ ಅಂತ ಒಂದು ಗಂಟೆಯಾದರೂ ಕೆಲಸ ಮಾಡಿದವರು ಯಾರ್ಯಾರು? ಕೈ ಎತ್ತಿ. ನಿಜ ಹೇಳಿ."

ಮೊದಲು ಯಾರೂ ಎತ್ತಲಿಲ್ಲ. ಆಮೇಲೆ ಸೀಟಿ ಊದುವ ಹುಡುಗ ಎತ್ತಿದ. "ಗಾಡಿ ನಿಲ್ಲಿಸ್ತೀನಿ." ಅವನ ಹಿಂದಿನವಳು ಫೋನಿಗೆ ದುಡ್ಡು ತುಂಬಿಸಿ ಕೊಡುತ್ತಾಳಂತೆ. ಒಬ್ಬಳು ಅಮ್ಮನ ಬೊಂಡದ ಗಾಡಿ. ಒಬ್ಬ ಬಾತುಕೋಳಿ ಮೇಯಿಸಿದವನು. ಈರುಳ್ಳಿ, ಈರುಳ್ಳಿ, ಮತ್ತೆ ಈರುಳ್ಳಿ. ಬಾಗಿಲಿನಾಚೆಯೂ ಕೈಗಳು ಎದ್ದವು; ಏನು ಕೇಳಿದರೆಂದು ಗೊತ್ತಿಲ್ಲದವರೂ ಕೆಲವರು ಎತ್ತಿರಬೇಕು.

"ನೋಡಿ, ಪಾಕ್. ಎಲ್ಲರಿಗೂ ಕೆಲಸ ಇದೆ. ಕಾರ್ಖಾನೆಯವರಿಗೆ ಫೋನ್ ಮಾಡಿ, ನಮ್ಮೂರಲ್ಲಿ ಕೆಲಸ ಇಲ್ಲದೋರು ಒಬ್ಬರೂ ಇಲ್ಲ, ಜಾಗ ವಾಪಸ್ ತಗೊಳ್ಳಿ ಅನ್ನಿ. ಇಲ್ಲಾಂದ್ರೆ ಈ ಕಾಗದದಲ್ಲಿ ಮುಂದಿನ ಪ್ರಶ್ನೆ ಓದಿ. ಎಲ್ಲರಿಗೂ ಕೇಳೋ ಹಾಗೆ ಓದಿ."

ಹೆಂದಿ ಓದಲಿಲ್ಲ. "ಇಲ್ಲಿ ಭಾಷಣ ಎಲ್ಲ ಬೇಡ, ಅಕ್ಕಾ" ಎಂದು ಗೊಣಗುತ್ತ ಎಡದ ರಾಶಿಯಲ್ಲಿ ಕೈಯಾಡಿಸಿದ. ಅಂಟುಪಟ್ಟಿಯ ಲಕೋಟೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ಅದನ್ನು ಎತ್ತಿ ಬಲದ ರಾಶಿಯ ಮೇಲೆ ಎಸೆದ. ಎಡದ ರಾಶಿಯಲ್ಲಿ ಅದೇ ಕಾರಣಕ್ಕೆ ಬಿದ್ದಿದ್ದ ಇನ್ನೂ ಏಳೆಂಟು ಲಕೋಟೆಗಳಿದ್ದವು. ಲಿಲಿಸ್ ಅಲ್ಲಾಡಲಿಲ್ಲ. "ಅವೂ" ಎಂದಳು. ಅವೂ ಹೋದವು.

ಅಲ್ಲಿಂದ ಅವಳು ನೇರ ಎರಡನೇ ಮನೆಗೆ ಹೋದಳು. ಸೀಟಿಯ ಹುಡುಗ ಇನ್ನೂ ಸಾಲಿನಲ್ಲಿದ್ದ. ಅವನು ಬರುವವರೆಗೆ ಅವನ ತಾಯಿ ಕೊಟ್ಟ ಬಾಳೆಹಣ್ಣನ್ನು ಝಲ್ಫಾಗೆ ಕಿವುಚಿ ತಿನ್ನಿಸುತ್ತ ಹೊಸ್ತಿಲಲ್ಲಿ ಕೂತಳು. ಅವನು ಬಂದ. ವಾರಕ್ಕೆ ಎಷ್ಟು ಗಂಟೆ? ಐದು. ಹೆಚ್ಚು ಕೆಲಸ ಕೊಟ್ಟರೆ ಮಾಡುತ್ತೀರಾ? ಅವನು ಈ ಸಲ ಹಾಸ್ಯ ಮಾಡಲಿಲ್ಲ. "ಇದನ್ನ ಯಾರೂ ಕೇಳಿರಲಿಲ್ಲ" ಎಂದ. "ನಾನು ಕೇಳ್ಬೇಕಿತ್ತು" ಎಂದಳು ಲಿಲಿಸ್.

ಕಾರ್ಖಾನೆಯಿಂದ ವುಲಾನ್‌ಗೆ ಕರೆ ಬಂತು, ಆರು ತಿಂಗಳ ಕರಾರು. ಲಿಲಿಸ್‌ಗೆ ಸಂದೇಶ ಬಂದದ್ದು ಸೆಪ್ಟೆಂಬರ್ ಎರಡಕ್ಕೆ. ಆಯ್ಕೆಯ ದಿನಕ್ಕೆ ವಯೋಮಿತಿ ಮೀರಿರುವುದರಿಂದ ವಿಷಾದಿಸುತ್ತೇವೆ ಎಂದಿತ್ತು. ಲಕೋಟೆ ಅವರ ಕೈ ಸೇರಿದಾಗ ಎಂಟು ದಿನ ಉಳಿದಿತ್ತು. ಆ ಎಂಟು ದಿನ ಅದು ಯಾರ ಮೇಜಿನ ಮೇಲೆ ಕೂತಿತ್ತೋ, ಕೇಳಲು ಯಾವ ಫಾರಂನಲ್ಲೂ ಜಾಗವಿಲ್ಲ.

ನವೆಂಬರಿನಲ್ಲಿ ಹೊಸ ನಿರುದ್ಯೋಗ ದರ ಹೊರಬಿತ್ತು. ಸ್ವಲ್ಪ ಇಳಿದಿದೆ ಎಂದು ಟಿವಿಯಲ್ಲಿ ಟೈ ಕಟ್ಟಿದವರೊಬ್ಬರು ನಗುನಗುತ್ತ ಹೇಳಿದರು. ವುಲಾನ್ ಕಾರ್ಖಾನೆಗೆ ಹೋದ ಮೇಲೆ ಖಾಲಿಬಿದ್ದಿದ್ದ ಮಣೆಯ ಮೇಲೆ ಕೂತು ಲಿಲಿಸ್ ಈರುಳ್ಳಿ ಸುಲಿಯುತ್ತಿದ್ದಳು.

"ಇಳೀತಂತಲ್ಲ, ಒಳ್ಳೇದಲ್ವಾ ನೆಂಗ್?" ಎಂದರು ಮಾಕ್ ಇಚಾ.

"ಅದನ್ನ ಇಳಿಸಿದ್ದು ನಾನೇ ಅಮ್ಮ. ಆ ವಾರ ನಂಗೆ ಕೆಲಸ ಇತ್ತು."

ಚಾಕು ಕೆಳಗಿಟ್ಟು, ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಮೂಸಿ ನೋಡಿ, ಮೂರನೇ ಸಲವೂ ತೊಳೆದು ಅವಳು ಮಗುವನ್ನು ಎತ್ತಿಕೊಂಡಳು. ಫೋನಿನಲ್ಲಿ ಬು ರೆತ್ನೊ ಅವರ ಸಂದೇಶವಿತ್ತು: ಫೆಬ್ರವರಿಯ ಸಮೀಕ್ಷೆಗೆ ಬರುತ್ತೀಯಾ? ಲಿಲಿಸ್ ಒಂದು ಕೈಯಲ್ಲಿ ಉತ್ತರ ಬರೆದಳು. ಬರ್ತೀನಿ. ಆದ್ರೆ ಕೊನೇ ಪುಟಗಳಿಗೆ ಹೊತ್ತು ಹಿಡಿಯುತ್ತೆ, ದಿನ ಜಾಸ್ತಿ ಕೊಡಿ.